ಎಮ್ಮೆ ತೇಗಿನ ಪಂಕ್ತಿಭೇದ

ಚೆನ್ನವ್ವನಿಗೆ ಸಿಟ್ಟು ಬಂದರೆ ಆಕೆ ಮನುಷ್ಯರ ಜೊತೆ ಮಾತು ಬಿಟ್ಟು ಎಮ್ಮೆಯ ಜೊತೆ ಮಾತಾಡುತ್ತಾಳೆ. ಮರಾಠಿ ಗಡಿಯ ಗಡಹಿಂಗ್ಲಜದ ಆ ಓಣಿಗೆಲ್ಲ ಇದು ಗೊತ್ತಿದ್ದ ಸಂಗತಿ. ಕೊಟ್ಟಿಗೆಯಿಂದ "ಕೇಳಿದೇನ ಚಂದ್ರಿ, ಈ ಮನ್ಯಾಗ ಕೆಲವರಿಗಿ ಕಿವಿ ಅದಾವು, ಕೇಳಸಾಂಗಿಲ್ಲ" ಎಂಬ ದನಿ ಎದ್ದಿತೆಂದರೆ ಗಂಡ ಕೃಷ್ಣಾತ ಚಪ್ಪಲಿ ಮೆಟ್ಟಿ, ತನ್ನ ಹಾಲಿನ ಟೆಂಪೋ ಒರೆಸಲು ಹೋಗಿಬಿಡುತ್ತಿದ್ದ. ಎಮ್ಮೆಗೆ ಅಂದ ಮಾತಿಗೆ ಉತ್ತರ ಕೊಟ್ಟರೆ ತಾನೇ ಎಮ್ಮೆ ಎಂದು ಒಪ್ಪಿಕೊಂಡಂತೆ. ಕೊಡದಿದ್ದರೆ ತಪ್ಪು ತನ್ನದೆಂದು ಒಪ್ಪಿಕೊಂಡಂತೆ. ಹೀಗಾಗಿ ಊರಲ್ಲಿ ಎಲ್ಲಕ್ಕಿಂತ ಸ್ವಚ್ಛವಾದ ಟೆಂಪೋ ಕೃಷ್ಣಾತನದೇ ಆಗಿತ್ತು.

ಆದರೆ ಆ ಶ್ರಾವಣದಲ್ಲಿ ಚಂದ್ರಿ ಕೇಳಿದ ಮಾತುಗಳೆಲ್ಲ ಪೂನಮಳಿಗೆ ಸೇರಬೇಕಾದವು.

ಪೂನಮ ಚೆನ್ನವ್ವನ ಮೈದುನ ಅಪ್ಪಣ್ಣನ ಮಗಳು. ಅಪ್ಪಣ್ಣ ಇಚಲಕರಂಜಿಯಲ್ಲಿ ಪಾವರ್‌ಲೂಮ್ ಓಡಿಸುತ್ತಾನೆ. ಅವನ ಖೋಲಿಯ ಗೋಡೆಗೆ ಅಂಟಿಕೊಂಡೇ ಮಗ್ಗದ ಷೆಡ್ಡು, ಹಗಲೂ ರಾತ್ರಿ ಖಟಖಟ. ಅಲ್ಲಿ ಓದಲು ಕೂತರೆ ಹುಡುಗಿಯ ತಲೆಗೆ ಅಕ್ಷರ ಹೋಗುವುದಿಲ್ಲ, ಖಟಖಟವೇ ಹೋಗುತ್ತದೆ ಎಂದು ಚೆನ್ನವ್ವ ಹತ್ತನೇ ಇಯತ್ತೆ ಮುಗಿದ ಕೂಡಲೇ ಅವಳನ್ನು ತನ್ನ ಮನೆಗೆ ಕರೆತಂದಳು. ತನಗೆ ಮಕ್ಕಳಿರಲಿಲ್ಲ. ಹುಡುಗಿಗೆ ಜಡೆ ಹೆಣೆದಳು, ಬಿಸಿ ರೊಟ್ಟಿ ಹಾಕಿದಳು, ಪರೀಕ್ಷೆಯ ದಿನ ಓಣಿಯ ನಾಯಿಗಳನ್ನೂ ಬೊಗಳಗೊಡಲಿಲ್ಲ. ಹುಡುಗಿ ಜಾಣೆ. ಕೊಲ್ಹಾಪುರದ ಕೃಷಿ ಕಾಲೇಜಿಗೆ ಹೋದಳು, ಡಿಗ್ರಿ ಮುಗಿಸಿದಳು, ಅದರ ಮೇಲಿನ ಡಿಗ್ರಿಗೂ ಸೇರಿದಳು. ಹೀಗೆ ಓದಿ ಓದಿ ಕೊನೆಗೆ ಎಮ್ಮೆಯ ತೇಗಿನ ಮೇಲೆ ಬಂದು ನಿಂತಳು.

ಒಂದು ಭಾನುವಾರ ಪೂನಮ ಓಣಿಯವರನ್ನೆಲ್ಲ ಪಕ್ಕದ ಮನೆ ಯಮುನವ್ವನ ಕಟ್ಟೆಗೆ ಕರೆದು, ಲ್ಯಾಪ್‌ಟಾಪು ತೆರೆದಿಟ್ಟಳು. ಅಪ್ಪಣ್ಣನೂ ಸೂಟಿ ಹಾಕಿ ಇಚಲಕರಂಜಿಯಿಂದ ಬಂದಿದ್ದ. ಪರದೆಯ ಮೇಲೆ ಒಂದರ ಮೇಲೊಂದು ಎರಡು ಪಟ್ಟಿ. ಕೆಳಗೆ ಅಗಲವಾದ ಹಸಿರು ಪಟ್ಟಿ, ಮೇಲೆ ಸಣ್ಣ ಕೆಂಪು ಪಟ್ಟಿ. ಎಡದಿಂದ ಬಲಕ್ಕೆ ವರ್ಷಗಳು.

"ನಮ್ಮ ದೇಶದಾಗ ವರ್ಷಾ ಎಷ್ಟ ಮಿಥೇನ ಗ್ಯಾಸ ಗಾಳ್ಯಾಗ ಸೇರತೈತಿ ಅನ್ನೂದ ಇದರಾಗ ಐತಿ ನೋಡ್ರಿ" ಎಂದಳು ಪೂನಮ. "ಈ ಗ್ಯಾಸಿನಿಂದ ಭೂಮಿ ಕಾಯಾಕತ್ತೈತಿ. ಹಸರ ಪಟ್ಟಿ ಅಂದ್ರ ಒಕ್ಕಲತನದ್ದು, ಭತ್ತದ ಗದ್ದಿ, ದನಾ, ಎಮ್ಮಿ, ಕುರಿ. ಕೆಂಪ ಪಟ್ಟಿ ಕಲ್ಲಿದ್ದಲ ಗಣಿ, ಎಣ್ಣಿ ಬಾವಿ, ಇಂಥಾವು."

"ಎಮ್ಮಿಯಿಂದ ಗ್ಯಾಸ?" ಎಂದು ಮುದುಕಿ ನಾಗೂಬಾಯಿ ಸೆರಗನ್ನು ಬಾಯಿಗಿಟ್ಟುಕೊಂಡಳು. "ಹಿಂದಿಂದನವಾ?"

ಕಟ್ಟೆ ತುಂಬ ನಗು. ಕೃಷ್ಣಾತ ಕೆಮ್ಮುವ ನೆಪದಲ್ಲಿ ಅತ್ತ ತಿರುಗಿದ.

"ಇಲ್ರಿ ಆಯಿ, ಬಾಯಿಂದ. ಮೆಲಕ ಹಾಕೂಮುಂದ ಡರಿಕಿ ಬಿಡತಾವಲ್ಲ, ತೇಗು, ಅದರಾಗ ಇರತೈತಿ."

ಅಪ್ಪಣ್ಣನಿಗೆ ಮಗಳ ಮಾತು ಅರ್ಧ ಹೆಮ್ಮೆ, ಅರ್ಧ ಸಂಶಯ. "ಎಲ್ಲಾ ಎಮ್ಮಿ ಮ್ಯಾಲ ಯಾಕ ಹಾಕ್ತಿ ಪೂನಮಾ? ಅದಕ್ಕ ಬಾಯಿ ಇಲ್ಲಂತನ? ನಮ್ಮ ಮಗ್ಗ ಕರೆಂಟಿನ ಮ್ಯಾಲ ಓಡತಾವು. ಕರೆಂಟ ಕಲ್ಲಿದ್ದಲಿಂದ ಬರತೈತಿ. ಹಂಗಾರ ನಮ್ಮ ಇಚಲಕರಂಜಿ ಮಗ್ಗಾನೂ ಡರಿಕಿ ಬಿಡತಾವ ಅನ್ನು."

"ಹೌದಪ್ಪಾ, ಬಿಡತಾವು. ಅದ ಈ ಕೆಂಪ ಪಟ್ಟ್ಯಾಗ ಐತಿ. ಹಿಂದಿನಕಿಂತ ಬೆಳದೈತಿ ನೋಡು."

ಚೆನ್ನವ್ವ ಇಷ್ಟು ಹೊತ್ತು ಪರದೆ ನೋಡುತ್ತಿದ್ದಳು. ಈಗ ಎದ್ದು ಬಂದು ಹಸಿರು ಪಟ್ಟಿಯ ಮೇಲೆ ಬೆರಳಿಟ್ಟಳು. "ಇದರಾಗ ನಮ್ಮ ಚಂದ್ರಿ ಎಲ್ಲಿ ಅದಾಳ?"

ಪೂನಮ ನಕ್ಕಳು. "ಅದನ್ನ ಕೇಳಾಕ ಬಂದೇನಿ ದೊಡ್ಡವ್ವಾ. ನಮ್ಮ ಓಣಿಗಿ ಬಂದ ಯಾರೂ ಅಳದಿಲ್ಲ. ಬ್ಯಾರೆ ಕಡೆ ಅಳದ ಲೆಕ್ಕಾನ ನಮ್ಮ ಚಂದ್ರಿಗೂ ಹಚ್ಚಿಬಿಟ್ಟಾರ. ನಮ್ಮ ಎಮ್ಮಿ ತಿನ್ನೂದು ಕಬ್ಬಿನ ವಾಡೆ, ಹೊಟ್ಟು, ಹಿಂಡಿ. ಇವು ಎಷ್ಟ ಬಿಡತಾವು, ಎಷ್ಟ ಕಡಿಮಿ ಮಾಡಬಹುದು, ಇದನ್ನ ನೋಡಬೇಕ ನಾ."

ನೋಡುವ ಬಗೆ ಹೀಗೆ. ಓಣಿಯಲ್ಲಿ ಎಂಟು ಎಮ್ಮೆ. ನಾಲ್ಕಕ್ಕೆ ದಿನಾ ಗ್ಯಾಸು ಕಡಿಮೆ ಮಾಡಬಹುದಾದ ಒಂದು ಬೆಳ್ಳುಳ್ಳಿ ಪುಡಿ ತಿನ್ನಿಸುವುದು, ನಾಲ್ಕಕ್ಕೆ ಇಲ್ಲ. ಮೂರು ವಾರ ಆದ ಮೇಲೆ ಎಂಟೂ ಎಮ್ಮೆಗಳ ಕೊರಳಿಗೆ ಒಂದು ಖಾಲಿ ಡಬ್ಬಿ ಕಟ್ಟಿ, ಅದರಿಂದ ಒಂದು ತೆಳ್ಳನೆಯ ನಳಿಗೆಯನ್ನು ಮೂಗಿನ ತನಕ ಎಳೆದು ಉಸಿರು ಹಿಡಿಯುವುದು. ಡಬ್ಬಿಯನ್ನು ಕೊಲ್ಹಾಪುರಕ್ಕೆ ಒಯ್ದು ಯಂತ್ರದಲ್ಲಿ ನೋಡಿದರೆ ಪುಡಿ ತಿಂದವು ಕಡಿಮೆ ಬಿಟ್ಟವೋ ಇಲ್ಲವೋ ತಿಳಿಯುತ್ತದೆ. ಇದು ಪೂನಮಳ ಓದಿನ ಕೊನೆಯ ಕೆಲಸ. ಸರಿಹೋದರೆ ಡಿಗ್ರಿ ಕೈಗೆ ಬರುತ್ತದೆ. ಅವಳಿಗೆ ಕಲಿಸುವ ದಾದಾಸಾಹೇಬ ಸರ್ ಹಳ್ಳಿಹಳ್ಳಿಗೆ ಹೋಗಿ ಅಳೆಯುವ ಒಂದು ತಂಡ ಕಟ್ಟುತ್ತಿದ್ದರು, ಅದರಲ್ಲಿ ಜಾಗವೂ ಸಿಗುತ್ತದೆ. ಕೆಟ್ಟರೆ ಇಚಲಕರಂಜಿ. ಅಲ್ಲಿ ಬಟ್ಟೆ ವ್ಯಾಪಾರದ ಪೇಢಿಯೊಂದರಲ್ಲಿ ಕೂತು ಬಿಲ್ಲು ಬರೆಯುವ ಕೆಲಸವನ್ನು ಅಪ್ಪಣ್ಣ ಮುಂಜಾಗ್ರತೆಗೆ ನೋಡಿಟ್ಟಿದ್ದ.

ಯಾರಿಗೆ ಪುಡಿ, ಯಾರಿಗೆ ಇಲ್ಲ ಎಂದು ಚೀಟಿ ಎತ್ತಿಸಿದಳು. ಯಮುನವ್ವನಿಗೆ ಪುಡಿ ಬಂತು. ನಾಗೂಬಾಯಿಗೂ ಬಂತು. ಚೆನ್ನವ್ವ ಬಿಡಿಸಿದ ಚೀಟಿ ಖಾಲಿ.

ಚೆನ್ನವ್ವ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಏನಾದರೂ ತಪ್ಪಾಗಿರಬೇಕು ಎಂದುಕೊಂಡು ಪೂನಮಳ ಮುಖ ನೋಡಿದಳು. ಪೂನಮ ಆಗಲೇ ಮುಂದಿನ ಮನೆಯವರಿಗೆ ಚೀಟಿ ಹಿಡಿದಿದ್ದಳು. ಚೆನ್ನವ್ವ ಎದ್ದು, ಸೀರೆ ಕೊಡವಿ, ಸೀದಾ ಕೊಟ್ಟಿಗೆಗೆ ಹೋದಳು. ಕೃಷ್ಣಾತ ಟೆಂಪೋ ಕಡೆ ಹೋದ.

"ನೋಡ ಚಂದ್ರಿ" ಎಂಬ ದನಿ ಕಟ್ಟೆಯ ತನಕ ಕೇಳಿತು. "ಇಷ್ಟ ವರ್ಷ ನಮ್ಮ ಮನ್ಯಾಗ ಬಿಸಿ ರೊಟ್ಟಿ ತಿಂದವ್ರು ಇವತ್ತ ಪಂಗ್ತ್ಯಾಗ ನೀಡಾಕ ನಿಂತಾರ. ಯಮುನಿ ಎಲಿಗಿ ನೀಡಿದ್ರು. ನಾಗೂಬಾಯಿ ಎಲಿಗಿ ನೀಡಿದ್ರು. ನಮ್ಮ ಎಲಿ ಬಂದ ಕೂಡ್ಲೆ ಬುಟ್ಟಿ ಎತ್ತಿಕೊಂಡ ಮುಂದ ಹ್ವಾದ್ರು. ಇರ್ಲಿ ಬಿಡು. ನಾವೇನ ಕರದ ಮಂದಿ ಅಲ್ಲ."

"ದೊಡ್ಡವ್ವಾ, ಚೀಟಿ ನಾ ಎತ್ತಿಲ್ಲ, ನೀನ ಎತ್ತೀದಿ!" ಎಂದು ಪೂನಮ ಕೂಗಿದಳು.

"ಚಂದ್ರಿ, ನಿನ್ನ ಯಾರರ ಮಾತಾಡಿಸಿದ್ರೇನ? ನನಗೇನೂ ಕೇಳಿಸ್ಲಿಲ್ಲವಾ."

ನಗಬೇಡಿ. ನಮ್ಮ ಕಡೆ ಒಂದೇ ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ಬಡಿಸಿ ಇನ್ನೊಬ್ಬರ ಎಲೆ ದಾಟಿ ಹೋಗುವುದು ಸಣ್ಣ ತಪ್ಪಲ್ಲ. ಅದಕ್ಕೆ ಪಂಕ್ತಿಭೇದ ಎನ್ನುತ್ತಾರೆ. ಆಸ್ತಿ ಪಾಲಿನಲ್ಲಿ ಮೋಸ ಮಾಡಿದ ಅಣ್ಣತಮ್ಮಂದಿರು ಮತ್ತೆ ಕೂಡಿದ್ದುಂಟು. ಹೋಳಿಗೆ ದಾಟಿಸಿದ ಮನೆಗೆ ಮೂರು ತಲೆಮಾರು ಹೋಗದವರಿದ್ದಾರೆ. ಚೆನ್ನವ್ವನಿಗೆ ಪುಡಿ ಬೇಕಾಗಿರಲಿಲ್ಲ. ತಾನೇ ಜಡೆ ಹೆಣೆದ ಹುಡುಗಿಯ ಕೈ ತನ್ನ ಎಲೆ ದಾಟಿ ಹೋಯಿತಲ್ಲ, ಅದು ಆಕೆಗೆ ಚುಚ್ಚಿತು.

ಕೆಲಸ ಮುಗಿಯುವ ತನಕ ಪೂನಮ ಅದೇ ಮನೆಯಲ್ಲಿ ಉಳಿದಿದ್ದಳು. ಚಹಾ ಬೇಕೇ ಎಂದು ಕೇಳುವುದಿದ್ದರೂ ಚೆನ್ನವ್ವ ಚಂದ್ರಿಯನ್ನೇ ಕೇಳುತ್ತಿದ್ದಳು. ಚಂದ್ರಿ ಮೆಲುಕು ಹಾಕುತ್ತಿತ್ತು, ಪೂನಮ ಬೇಕೆಂದು ಉತ್ತರ ಕೊಡುತ್ತಿದ್ದಳು, ಚಹಾ ಬರುತ್ತಿತ್ತು.

ಎರಡು ದಿನ ಕಳೆಯಿತು. ಮೂರನೆಯ ದಿನ ಪೂನಮ ಪೇಟೆಗೆ ಹೋದದ್ದನ್ನು ನೋಡಿಕೊಂಡು ಯಮುನವ್ವ ನಡುಗೋಡೆಯ ಮೇಲಿಂದ ಇಣುಕಿದಳು. ಕೈಯಲ್ಲಿ ಒಂದು ವಾಟಿ, ವಾಟಿಯಲ್ಲಿ ಪುಡಿ. ಬಳ್ಳೊಳ್ಳಿಯ ಘಾಟು ಗೋಡೆ ದಾಟಿ ಬಂತು.

"ತಗೋ ಚೆನ್ನಕ್ಕಾ. ಅರ್ಧಾ ನಿನ್ನ ಚಂದ್ರಿಗಿ. ನಮ್ಮ ರಾಣಿ ತಿನ್ನೂಮುಂದ ನಿನ್ನ ಎಮ್ಮಿ ಗ್ವಾಡಿ ಮ್ಯಾಲ ಮಾರಿ ಇಟ್ಟ ನೋಡತೈತಿ. ನನ್ನ ಕೈ ಬರಾಂಗಿಲ್ಲವಾ."

ಎರಡೂ ಮನೆಯ ನಡುವೆ ವಾಟಿ ಓಡಾಡುವುದು ಹೊಸದಲ್ಲ. ಒಂದು ಮನೆಯಲ್ಲಿ ಝುಣಕ ಆದರೆ ಇನ್ನೊಂದು ಮನೆಗೆ ಒಂದು ವಾಟಿ ಹೋಗಲೇಬೇಕು. ಚೆನ್ನವ್ವ ಒಂದು ಗಳಿಗೆ ಯೋಚಿಸಿದಳು. ಚೀಟಿ ಬರದ ಎಮ್ಮೆಗೆ ಪುಡಿ ಹಾಕಬೇಡಿ ಎಂದು ಪೂನಮ ಹೇಳಿದ್ದೇನೋ ನಿಜ. ಆದರೆ ಪುಡಿ ಒಳ್ಳೆಯದೇ ಅಂದ ಮೇಲೆ ಎರಡು ಎಮ್ಮೆ ತಿಂದರೆ ಒಂದು ಎಮ್ಮೆ ತಿಂದುದಕ್ಕಿಂತ ಒಳ್ಳೆಯದೇ ಅಲ್ಲವೇ? ಹುಡುಗಿಗೆ ಲಾಭವೇ ಆಯಿತು. ಪುಡಿಯನ್ನು ಹಿಂಡಿಯಲ್ಲಿ ಕಲಸಿ ಚಂದ್ರಿಯ ಮುಂದಿಟ್ಟಳು. ಬಂದ ವಾಟಿಯನ್ನು ಖಾಲಿ ಕಳಿಸುವುದು ಮರ್ಯಾದೆಯಲ್ಲ, ಆದ್ದರಿಂದ ಅಜವಾನ ಹಾಕಿ ಕಾಸಿದ ಸೇಂಗಾ ಎಣ್ಣೆಯನ್ನು ಅದರಲ್ಲಿ ಹೊಯ್ದು ರಾಣಿಗೆಂದು ತಿರುಗಿ ಕೊಟ್ಟಳು. ಅಂದಿನಿಂದ ಆಕೆಯ ಸಿಟ್ಟು ಇಳಿಯಿತು. ಪೂನಮಳನ್ನು ನೇರವಾಗಿ ಚಹಾ ಕೇಳತೊಡಗಿದಳು. ಹುಡುಗಿ ಇದನ್ನು ತನ್ನ ತಿಳುವಳಿಕೆಯ ಮಾತಿನ ಪರಿಣಾಮ ಎಂದುಕೊಂಡಳು.

ಮೂರು ವಾರವಾದ ಮೇಲೆ ಡಬ್ಬಿ ಕಟ್ಟಿದರು. "ನಮ್ಮ ಚಂದ್ರಿಗಿ ದವಾಖಾನ್ಯಾಗ ಸಲೈನ ಹಚ್ಚಿದಂಗ ಕಾಣತೈತಿ" ಎಂದು ಕೃಷ್ಣಾತ ಫೋಟೋ ತೆಗೆದು ತನ್ನ ಹಾಲಿನ ಗಿರಾಕಿಗಳಿಗೆಲ್ಲ ಕಳಿಸಿದ. ಪೂನಮ ಡಬ್ಬಿಗಳನ್ನು ಕೂಸಿನ ಹಾಗೆ ಸುತ್ತಿಕೊಂಡು ಕೊಲ್ಹಾಪುರದ ಬಸ್ಸು ಹತ್ತಿದಳು.

ತಿರುಗಿ ಬಂದಾಗ ಆ ಮುಖ ಅವಳದಾಗಿರಲಿಲ್ಲ. ಚೀಲವನ್ನು ಪಡಸಾಲೆಯಲ್ಲಿ ಒಗೆದು ಕೊಟ್ಟಿಗೆಗೆ ಹೋಗಿ, ಮಲಗಿದ್ದ ಚಂದ್ರಿಯ ಮಗ್ಗುಲಿಗೆ ಒರಗಿ ಕೂತಳು. ಚೆನ್ನವ್ವ ಚಹಾ ಹಿಡಿದುಕೊಂಡು ಹಿಂದೆಯೇ ಬಂದಳು.

"ಏನಾತ ಯವ್ವಾ?"

"ಏನೂ ಆಗಿಲ್ಲ ದೊಡ್ಡವ್ವಾ, ಅದ ಆಗಿದ್ದು" ಎಂದಳು ಪೂನಮ. "ಪುಡಿ ತಿಂದದ್ದೂ ಅಷ್ಟ, ತಿನ್ನದ್ದೂ ಅಷ್ಟ. ಒಂದ ಕೂದಲಷ್ಟೂ ಫರಕ ಇಲ್ಲ. ಈ ಪುಡಿ ಉಪಯೋಗಿಲ್ಲ, ಕೆಲಸಾ ಬಂದ ಮಾಡೂಣು ಅಂದ್ರ ದಾದಾಸಾಹೇಬ ಸರ್. ಎರಡ ವರ್ಷ ಇದರ ಹಿಂದ ಬಿದ್ದಿದ್ನಿ. ಅಪ್ಪಗ ಏನ ಹೇಳ್ಲಿ? ನಾಳೆ ಇಚಲಕರಂಜಿಗಿ ಹೋಗ್ತೇನಿ ನಾ." ಹೇಳುತ್ತಾ ಹೇಳುತ್ತಾ ಅವಳಿಗೆ ಅಳು ಬಂತು. ಎಮ್ಮೆಯ ಹೊಟ್ಟೆಗೆ ಮುಖವಿಟ್ಟು ಅತ್ತಳು.

ಚಂದ್ರಿ ಮೆಲುಕು ನಿಲ್ಲಿಸಿತು. ಅಳುವವರ ಕಡೆಗೆ ಕುತ್ತಿಗೆ ತಿರುಗಿಸಿ, ಪೂನಮಳ ಮುಖಕ್ಕೆ ಮುಖವಿಟ್ಟು, ಹೊಟ್ಟೆಯ ಆಳದಿಂದ ಒಂದು ತೇಗು ಬಿಟ್ಟಿತು.

ಪೂನಮಳ ಅಳು ಅಲ್ಲಿಗೇ ನಿಂತಿತು. ಮೂಗು ಅರಳಿಸಿದಳು. ಇನ್ನೊಮ್ಮೆ ಮೂಸಿದಳು.

"ದೊಡ್ಡವ್ವಾ, ಇಕಿ ಬಾಯಿ ಬಳ್ಳೊಳ್ಳಿ ನಾರತೈತಿ."

ಚೆನ್ನವ್ವ ಚಹಾ ಮುಂದೆ ಚಾಚಿದಳು. "ಚಟ್ನಿ ಗಿಟ್ನಿ ತಿಂದಿರಬೇಕ ಬಿಡು."

"ಎಮ್ಮಿ ಚಟ್ನಿ ತಿಂತೈತೇನ ದೊಡ್ಡವ್ವಾ?"

ಸುಳ್ಳು ಹೇಳುವುದು ಚೆನ್ನವ್ವನಿಗೆ ಬರುತ್ತಿರಲಿಲ್ಲ. ಬಂದಿದ್ದರೆ ಇನ್ನಷ್ಟು ಒಳ್ಳೆಯ ಸುಳ್ಳು ಹೇಳುತ್ತಿದ್ದಳು. ನೆಲ ನೋಡುತ್ತಾ ವಾಟಿಯ ಕಥೆಯನ್ನೆಲ್ಲ, ಉಳಿದಿದ್ದ ಪುಡಿಯನ್ನು ಅಂದು ಮುಂಜಾನೆ ಹಾಕಿದ್ದನ್ನೂ ಸೇರಿಸಿ, ಹೇಳಿಬಿಟ್ಟಳು. "ನಿನಗ ಲಾಭ ಆಗತೈತಿ ಅಂತ ತಿಳದ್ನಿ. ನಿನ್ನ ಓದಿಗಿ ನಾನ ಕಲ್ಲ ಹಾಕ್ದಂಗ ಆತಲ್ಲ" ಎನ್ನುತ್ತಾ ಚಹಾ ನೆಲಕ್ಕಿಟ್ಟಳು. ಇಷ್ಟು ದಿನ ತನ್ನ ಎಲೆ ದಾಟಿದ್ದಕ್ಕೆ ಕೊರಗಿದ್ದಳು. ಈಗ ಹುಡುಗಿಯ ತುತ್ತನ್ನೇ ಕಸಿದುಕೊಂಡೆನಲ್ಲ ಎಂದು ಆಕೆಗೆ ನಿಜವಾಗಿ ಹೆದರಿಕೆಯಾಯಿತು.

ಪೂನಮ ಎದ್ದು ಓಣಿಗೆ ಓಡಿದಳು. ನಾಗೂಬಾಯಿಯ ಮನೆಗೆ ಹೋಗಿ ಕೇಳಿದಳು. ಆಕೆಯೂ ಎದುರು ಮನೆಗೆ ಅರ್ಧ ಕೊಟ್ಟಿದ್ದಳು; ತನ್ನ ಆಡು ನೋಡುತ್ತದೆಂದು ಅದಕ್ಕೂ ಒಂದು ಚಿಟಿಕೆ ಹಾಕಿದ್ದಳು. ಉಳಿದ ಮನೆಗಳದೂ ಅದೇ ಕಥೆ. ಯಾರೂ ಯಾರಿಗೂ ಹೇಳಿರಲಿಲ್ಲ. ನಾಲ್ಕು ಎಮ್ಮೆಯ ಪುಡಿಯನ್ನು ಎಂಟು ಎಮ್ಮೆ ಸರಿಯಾಗಿ ಅರ್ಧರ್ಧ ಹಂಚಿಕೊಂಡು ತಿಂದಿದ್ದವು. ಮತ್ತೆ ಫರಕು ಎಲ್ಲಿಂದ ಬರಬೇಕು? ಪೂನಮ ಓಣಿಯ ನಡುವೆ ನಿಂತು ನಗತೊಡಗಿದಳು. ನಕ್ಕು ನಕ್ಕು ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು.

ಕೊಲ್ಹಾಪುರಕ್ಕೆ ಫೋನು ಮಾಡಿದಳು. ದಾದಾಸಾಹೇಬ ಸರ್ ಮೊದಲು ನಂಬಲಿಲ್ಲ, ಆಮೇಲೆ ಫೋನಿನಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಗಂಭೀರವಾದರು. ಇನ್ನೊಂದು ಸಲ ಮಾಡಲು ದಸರೆಯ ತನಕ ಸಮಯವಿದೆ, ಆದರೆ ಆ ಓಣಿ ಬೇಡ, ಆಳುಗಳು ಮೇವು ಹಾಕುವ ದೊಡ್ಡ ಡೇರಿ ಹಿಡಿ ಎಂದರು. ಅಲ್ಲಿ ಒಂದು ಎಮ್ಮೆಗೆ ಇನ್ನೊಂದು ಎಮ್ಮೆಯ ದಾಕ್ಷಿಣ್ಯ ಇರುವುದಿಲ್ಲ.

"ಸರ್, ನಮ್ಮ ಕಡೆ ಎಮ್ಮೆ ಇರೋದು ಓಣಿಯಲ್ಲೇ" ಎಂದು ಪೂನಮ ಮರಾಠಿಯಲ್ಲಿ ವಾದಿಸಿದಳು. "ಓಣಿಯಲ್ಲಿ ಅಳೆಯದೆ ಡೇರಿಯಲ್ಲಿ ಅಳೆದರೆ ಇದೂ ಬೇರೆಯವರ ಲೆಕ್ಕವೇ ಆಗುತ್ತದೆ."

"ಹಾಗಿದ್ದರೆ ನಿನ್ನ ಜವಾಬ್ದಾರಿ. ಈ ಸಲ ಒಂದು ಚಮಚೆ ಪುಡಿ ಗೋಡೆ ದಾಟಿದರೂ ಮುಗಿಯಿತು."

ಮತ್ತೆ ಯಮುನವ್ವನ ಕಟ್ಟೆಯ ಮೇಲೆ ಸಭೆ. ಪೂನಮ ಎಲ್ಲವನ್ನೂ ಬಿಡಿಸಿ ಹೇಳಿದಳು. ಪುಡಿ ಇಲ್ಲದ ಎಮ್ಮೆಯ ಲೆಕ್ಕ ಕೈಯಲ್ಲಿಲ್ಲದಿದ್ದರೆ ಪುಡಿ ತಿಂದ ಎಮ್ಮೆಯ ಲೆಕ್ಕಕ್ಕೆ ಅರ್ಥವೇ ಇಲ್ಲ. ಆ ನಾಲ್ಕು ಎಮ್ಮೆ ಸುಮ್ಮನಿದ್ದೇ ಅರ್ಧ ಕೆಲಸ ಮಾಡುತ್ತವೆ ಎಂದಳು. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದು ಬೇರೆ, ಒಪ್ಪುವುದು ಬೇರೆ.

"ನಿನ್ನ ಮಾತ ಖರೇ ಐತಿ ತಂಗಿ" ಎಂದಳು ಯಮುನವ್ವ. "ಆದ್ರ ನನಗ ಪುಡಿ ಬ್ಯಾಡ. ಚೆನ್ನಕ್ಕಗ ಕೊಡು. ಒಂದ ಗ್ವಾಡಿ, ಒಂದ ಗಾಳಿ, ಅಕಿ ಎಮ್ಮಿ ಉಪಾಸ ಕುಂತು ನನ್ನ ಎಮ್ಮಿ ಉಣ್ಣಬೇಕ? ಪಾಪ ಹತ್ತತೈತಿ."

"ಕೊಡಾಕ ಬರಾಂಗಿಲ್ಲ ಕಾಕು. ಚೀಟಿ ಏನ ಹೇಳತೈತಿ ಅದ."

"ಹಂಗಾರ ನಮ್ಮ ಎಮ್ಮಿ ಬಿಟ್ಟ ಮಾಡು."

ಒಂದು ಎಮ್ಮೆ ಬಿಟ್ಟರೂ ಕೆಲಸ ನಿಲ್ಲುತ್ತದೆ. ಪೂನಮ ಚೀಟಿಯ ಡಬ್ಬಿ ಮುಂದೆ ಹಿಡಿದಳು, ಈ ಸಲ ದೊಡ್ಡವ್ವನ ಕಡೆಗೇ ಮೊದಲು. ಚೆನ್ನವ್ವ ಕೈ ಹಾಕಿ ಒಂದನ್ನು ಎತ್ತಿ ಬಿಡಿಸಿದಳು.

ಮತ್ತೆ ಖಾಲಿ.

ಎಲ್ಲರೂ ಕೊಟ್ಟಿಗೆಯ ದಾರಿ ಬಿಟ್ಟು ಸರಿದು ಕೂತರು. ಕೃಷ್ಣಾತ ಆಗಲೇ ಚಪ್ಪಲಿ ಹುಡುಕುತ್ತಿದ್ದ. ಯಮುನವ್ವ ಬಾಯಿ ತೆರೆಯುವುದರಲ್ಲಿದ್ದಳು.

ಚೆನ್ನವ್ವ ಚೀಟಿ ನೋಡಲಿಲ್ಲ, ಚೀಟಿಯ ಡಬ್ಬಿ ಹಿಡಿದಿದ್ದ ಕೈ ನೋಡಿದಳು. ಅದು ಈ ಸಲ ಮುಂದಿನ ಮನೆಯವರ ಕಡೆಗೆ ಸರಿದಿರಲಿಲ್ಲ. ಊರಿಗೆಲ್ಲ ಬಡಿಸಲು ನಿಂತ ಹುಡುಗಿ, ಬುಟ್ಟಿಯಲ್ಲಿ ಇರುವುದು ಇಷ್ಟೇ ಎಂದು ಗೊತ್ತಿದ್ದವಳು, ಯಾರ ಮುಖ ನೋಡಬೇಕು? ಮನೆಯ ಮದುವೆಗಳಲ್ಲಿ ತಾನೂ ಹೀಗೇ ನಿಂತದ್ದು ಚೆನ್ನವ್ವನಿಗೆ ಗೊತ್ತು. ಬೀಗರು ಬಂದಾಗ, ಸಾರು ತಳ ಕಂಡಾಗ, ಕಣ್ಣು ಹುಡುಕುವುದು ತನ್ನವರನ್ನೇ. ನೀವು ಆಮೇಲೆ ಕೂತುಕೊಳ್ಳಿ ಎಂದು ಕಣ್ಣಲ್ಲೇ ಹೇಳಲು ಬೇರೆಯವರು ಆಗುವುದಿಲ್ಲ.

"ಅಲ್ಲವಾ ಯಮುನಿ" ಎಂದಳು ಚೆನ್ನವ್ವ. "ಮದಿವ್ಯಾಗ ಮನೀ ಮಂದಿ ಯಾವಾಗ ಉಣ್ತಾರ?"

"ಕಡೀ ಪಂಗ್ತಿಗಿ. ಯಾಕ?"

"ಯಾಕಂದ್ರ ಮನೀ ಮಂದಿ ಅವ್ರು. ಅವರ ಎಲಿ ದಾಟಿ ಹ್ವಾದ್ರ ಅದಕ್ಕ ಪಂಗ್ತಿಭೇದ ಅನ್ನಾಂಗಿಲ್ಲ. ಈ ಕೆಲಸ ನನ್ನ ಮಗಳ ಮದಿವಿ ಅಂತ ತಿಳಿ. ನಾವ ಮನ್ಯಾವ್ರು. ನಮ್ಮ ಚಂದ್ರಿ ಕಡೀ ಪಂಗ್ತಿಗಿ ಕುಂಡ್ರತೈತಿ." ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಪೂನಮಳ ಕಣ್ಣು ತುಂಬಿತು. ಆದರೆ ಅಳಲು ಅವಳಿಗೆ ಪುರುಸೊತ್ತು ಸಿಗಲಿಲ್ಲ, ಯಾಕೆಂದರೆ ಯಮುನವ್ವ ಸಿಡಿದೆದ್ದಿದ್ದಳು.

"ಅಗ ಬಾಯಿ! ನೀ ಮನ್ಯಾಕಿ, ನಾ ಏನ ಬೀಗ್ತಿ? ಈ ಹುಡುಗಿ ಕಾಲೇಜಿಗಿ ಹೋಗೂಮುಂದ ಡಬ್ಬಿಗಿ ಹಾಕಿದ್ದ ಉಪ್ಪಿನಕಾಯಿ ಯಾರದು? ನಾನೂ ಮನ್ಯಾಕಿ. ನನಗೂ ಪುಡಿ ಬ್ಯಾಡ!"

"ನನಗೂ ಬ್ಯಾಡ" ಎಂದಳು ನಾಗೂಬಾಯಿ. "ನಾ ಏನ ಹೊರಗಿನಾಕಿ?"

ಮೊದಲ ಸಲ ಪುಡಿ ಇಲ್ಲದವರ ಸಾಲಿಗೆ ಯಾರೂ ಇರಲಿಲ್ಲ. ಈಗ ಪುಡಿಯ ಸಾಲಿಗೆ ಯಾರೂ ಇಲ್ಲ. ಪೂನಮ ತಲೆಯ ಮೇಲೆ ಕೈ ಹೊತ್ತು ಕೂತಳು. ಓಣಿಯ ಹೆಂಗಸರು ಯಾರು ಹೆಚ್ಚು ಮನೆಯವರೆಂಬುದರ ಮೇಲೆ ಜಗಳಕ್ಕೇ ನಿಂತರು.

"ಸುಮ್ಮ ಕುಂಡ್ರ ಬೀಗ್ತಿ!" ಎಂದು ಚೆನ್ನವ್ವ ಯಮುನವ್ವನ ತೋಳು ಹಿಡಿದು ಕೂರಿಸಿದಳು. "ಮೂರ ವಾರ ಬೀಗ್ತಿ ಆಗು, ಗಂಟ ಹೋಗಾಂಗಿಲ್ಲ. ಎಲ್ಲಾರೂ ಕಡೀ ಪಂಗ್ತಿಗೇ ಕುಂತ್ರ ಮೊದಲ ಪಂಗ್ತಿ ಯಾರ ಉಣ್ಣಬೇಕ? ನೀ ಕೈ ಸೈತ ಹಚ್ಚಬ್ಯಾಡ. ನಿನಗ ಪುಡಿ ಚೀಟಿ ಬಂದ್ರ ನಿನ್ನ ರಾಣಿಗಿ ದಿನಾ ನಾನ ಬಂದ ನೀಡ್ತೇನಿ."

ಹಾಗೆಯೇ ಆಯಿತು. ಉಳಿದವರೂ ಚೀಟಿ ಎತ್ತಿದರು, ಯಮುನವ್ವನಿಗೆ ಮತ್ತೆ ಪುಡಿಯೇ ಬಂತು. ಖಾಲಿ ಚೀಟಿಯ ನಾಲ್ಕು ಮನೆಯವರು ಪುಡಿ ಚೀಟಿಯ ನಾಲ್ಕು ಮನೆಗೆ ಹೋಗಿ ಬಡಿಸುವುದೆಂದು ಠರಾವಾಯಿತು. ದಿನಾ ಮುಂಜಾನೆ ಚೆನ್ನವ್ವ ಸೆರಗು ಸಿಕ್ಕಿಸಿ, ಪುಡಿ ಕಲಸಿದ ಹಿಂಡಿಯ ಬುಟ್ಟಿ ಹೊತ್ತು ಯಮುನವ್ವನ ಕೊಟ್ಟಿಗೆಗೆ ಹೋಗುವಳು. "ಸಾವಕಾಶ ಉಣ್ರಿ ಬೀಗರ, ನಾಚ್ಕಿ ಮಾಡ್ಕೋಬ್ಯಾಡ್ರಿ" ಎಂದು ರಾಣಿಯ ಮುಂದೆ ಇಡುವಳು. ಯಮುನವ್ವ ಬಾಗಿಲಲ್ಲಿ ಕೈ ಕಟ್ಟಿ ನಿಂತು "ನೋಡು, ಇನ್ನ ನಮಗ ವರದಕ್ಷಿಣಿನೂ ಬೇಕು" ಎನ್ನುವಳು. ಓಣಿ ನಗುವುದು.

ನಗುವಿನ ಹಿಂದೆ ಒಂದು ಸಂಕಟವೂ ಇತ್ತು. ಚಂದ್ರಿಗೆ ಈ ಲೆಕ್ಕವೆಲ್ಲ ಯಾರು ಹೇಳಬೇಕು? ಒಮ್ಮೆ ತಿಂದು ರುಚಿ ಹತ್ತಿದ್ದ ಎಮ್ಮೆ. ತನ್ನ ಯಜಮಾನಿ ಘಮಘಮ ಬುಟ್ಟಿ ಹೊತ್ತು ತನ್ನನ್ನು ದಾಟಿ ಪಕ್ಕದ ಮನೆಗೆ ಹೋಗುವುದನ್ನು ಅದು ಗೋಡೆಯ ಮೇಲೆ ಗದ್ದ ಇಟ್ಟು ನೋಡುತ್ತಿತ್ತು, ಒದರುತ್ತಿತ್ತು. ಚೆನ್ನವ್ವ ತಿರುಗಿ ಬಂದವಳೇ ಬೂದಿಯಿಂದ ಕೈ ತಿಕ್ಕಿ ತೊಳೆದು ಆಮೇಲೆ ಅದರ ಹತ್ತಿರ ಹೋಗುವಳು. ಆದರೂ ಚಂದ್ರಿ ಅವಳ ಬೆರಳು ಮೂಸಿ ಮೂಸಿ ನೋಡುತ್ತಿತ್ತು. "ಸಿಟ್ಟ ಆಗಬ್ಯಾಡ ನನ್ನವ್ವಾ, ನೀ ನನ್ನಾಕಿ ಅಂತನ ದಾಟಿ ಹೋಗಾಕತ್ತೇನಿ" ಎಂದು ಅದರ ಹಣೆ ತುರಿಸುವಳು. ಆ ಮಾತು ನಿಜವಾಗಿ ಚಂದ್ರಿಗೇ ಹೇಳಿದ್ದು. ಅದರಲ್ಲಿ ಬೇರೆ ಯಾರಿಗೂ ಚುಚ್ಚುಮಾತು ಇರಲಿಲ್ಲ. ಕೃಷ್ಣಾತ ಟೆಂಪೋ ಕಡೆ ಹೋಗದೆ ಅಲ್ಲೇ ನಿಂತು ಹಾಲಿನ ಚರಿಗೆ ಹಿಡಿದ.

ಮೂರು ವಾರ ತುಂಬಿತು. ಡಬ್ಬಿ ಕಟ್ಟಿ, ಬಿಚ್ಚಿ, ಪೂನಮ ಕೊಲ್ಹಾಪುರಕ್ಕೆ ಹೋದಳು. ಎರಡು ದಿನ ಫೋನಿಲ್ಲ.

ಬಂದದ್ದು ನಡುಹಗಲು ದಾಟಿದ ಮೇಲೆ. ಓಣಿಯ ತುದಿಯಿಂದಲೇ "ಫರಕ ಬಂತು! ಫರಕ ಬಂತು!" ಎಂದು ಕೂಗುತ್ತಾ ಓಡಿ ಬಂದಳು. ಪುಡಿ ತಿಂದ ನಾಲ್ಕೂ ಎಮ್ಮೆಗಳ ತೇಗಿನಲ್ಲಿ ಗ್ಯಾಸು ಕಡಿಮೆಯಾಗಿತ್ತು, ಕಣ್ಣಿಗೆ ಹೊಡೆಯುವಷ್ಟು. ದಾದಾಸಾಹೇಬ ಸರ್ ಬೆನ್ನು ತಟ್ಟಿದ್ದರು, ದಸರೆಯ ಮರುದಿನವೇ ಕೆಲಸಕ್ಕೆ ಬಾ ಎಂದಿದ್ದರು. ಹೆಂಗಸರು ಮುತ್ತಿಕೊಂಡರು. ಎಲ್ಲಕ್ಕಿಂತ ಹೆಚ್ಚು ಬಿಟ್ಟ ಎಮ್ಮೆ ಯಾರದೆಂದು ಯಮುನವ್ವ ಬೇಕೆಂದೇ ಕೇಳಿದಳು.

"ನಮ್ಮ ಚಂದ್ರಿ" ಎಂದಳು ಪೂನಮ. "ಅಕಿ ಅಷ್ಟ ಬಿಟ್ಟಾಳಂತನ ನಿಮ್ಮ ರಾಣಿ ಕಡಿಮಿ ಬಿಟ್ಟದ್ದು ಕಂಡೈತಿ ಕಾಕು." ಇಷ್ಟು ಹೇಳಿ, ಭುಜದ ಮೇಲಿದ್ದ ಚೀಲದೊಂದಿಗೆ ಸೀದಾ ಮನೆಯೊಳಗೆ ಹೋದಳು.

ಚೆನ್ನವ್ವ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣಲು ಕೂತಿದ್ದಳು. ಗಂಡ ಉಂಡು ಹೋಗಿದ್ದ, ಕಬ್ಬಿನ ಕಳೆ ತೆಗೆಯಲು ಬಂದವರು ಉಂಡು ಹೋಗಿದ್ದರು. ತಾಟಿನಲ್ಲಿ ಅರ್ಧ ರೊಟ್ಟಿ, ತಳದ ಪಲ್ಯೆ. ಸುದ್ದಿ ಕೂಗಿದ್ದು ಆಕೆಗೂ ಕೇಳಿತ್ತು. ಏಳಹೋದವಳನ್ನು ಪೂನಮ ಭುಜ ಒತ್ತಿ ಕೂರಿಸಿದಳು.

"ಕುಂಡ್ರ ದೊಡ್ಡವ್ವಾ. ಮೊದಲ ಚಂದ್ರಿಗಿ ನೀಡಿ ಬರ್ತೇನಿ."

ಕೊಟ್ಟಿಗೆಯಲ್ಲಿ ಚೀಲ ಬಿಚ್ಚಿದ ಸದ್ದಾಯಿತು, ಹಿಂಡಿ ಕಲಸಿದ ಸದ್ದಾಯಿತು, ಆಮೇಲೆ ಬಳ್ಳೊಳ್ಳಿಯ ಘಾಟು, ಎಮ್ಮೆ ಆತುರದಿಂದ ತಿನ್ನುವ ಸದ್ದು. ಚೆನ್ನವ್ವ ತುತ್ತು ಕೈಯಲ್ಲಿ ಹಿಡಿದುಕೊಂಡು ಕೇಳಿದಳು. ಅಷ್ಟರಲ್ಲಿ ಪೂನಮ ಕೈ ತೊಳೆದು ಒಳಗೆ ಬಂದು, ಒಲೆ ಹೊತ್ತಿಸಿ, ಕೊಣಮಿಗೆಯಲ್ಲಿ ಹಿಟ್ಟು ಕಲಸಿದಳು. ಅವಳಿಗೆ ರೊಟ್ಟಿ ಗುಂಡಗೆ ಬರುವುದಿಲ್ಲ, ಎಂದೂ ಬಂದಿಲ್ಲ. ಸೊಟ್ಟ ರೊಟ್ಟಿಯೊಂದನ್ನು ಹಂಚಿನಿಂದ ಬಿಸಿಬಿಸಿ ತೆಗೆದು ತಾಟಿಗೆ ಹಾಕಿದಳು, ಮೇಲೆ ಬೆಣ್ಣೆ ಇಟ್ಟಳು.

"ಸಾಕ ಬೇ, ಹೊಟ್ಟಿ ತುಂಬೇತಿ."

"ತುಂಬಿಲ್ಲ. ಇನ್ನೊಂದ ಹಾಕ್ತೇನಿ. ನನ್ನ ಆಣಿ ಐತಿ, ಬ್ಯಾಡ ಅನ್ನಬ್ಯಾಡ."

ಮದುವೆಯಾಗಿ ಈ ಮನೆಗೆ ಬಂದ ಮೇಲೆ ಚೆನ್ನವ್ವ ಎಷ್ಟು ಜನರಿಗೆ ಆಣೆ ಹಾಕಿ ಬಡಿಸಿದ್ದಳೋ ಲೆಕ್ಕವಿಲ್ಲ. ತನಗೆ ಇನ್ನೊಂದು ತಗೋ ಎಂದು ಯಾರೂ ಅಂದಿರಲಿಲ್ಲ. ಅನ್ನಬೇಕೆಂದು ಆಕೆಗೂ ಅನಿಸಿರಲಿಲ್ಲ. ಕಣ್ಣಲ್ಲಿ ನೀರು ಬಂತು. ಒಲೆಯ ಹೊಗೆ ಎನ್ನಲು ಅದು ಗ್ಯಾಸಿನ ಒಲೆ. ಎರಡನೆಯ ರೊಟ್ಟಿ ತಾಟಿಗೆ ಬಂದಾಗ ಚೆನ್ನವ್ವ ಸಾಕು ಅನ್ನಲಿಲ್ಲ.